ಕಟ್ಟೆಯ ಕುಳಿಗಳು

ಶನಿವಾರದ ಬೆಳಗಿನ ಶಾಲೆ ಮುಗಿಸಿ ಹನ್ನೊಂದೂವರೆಗೆ ಗೇಟು ದಾಟುವಾಗಲೂ ಶಿವಗಂಗಾಳ ಬೆನ್ನಿಗೆ ತನ್ನದೇ ಒಂದು ವಾಕ್ಯ ಬಿದ್ದಿತ್ತು. ‘ನಮ್ಮ ಪೂಜ್ಯ ಹಿರಿಯರು ತಲೆತಲಾಂತರದಿಂದ ಈ ಕಟ್ಟೆಯ ಮೇಲೆ ಕುಳಿತು ಊರಿಗೆ ನ್ಯಾಯದಾನ ಮಾಡಿದರು.’ ಹಾಜರಿ ಕರೆಯುವಾಗ ಬಂತು, ಏಳರ ಮಗ್ಗಿ ಹೇಳಿಸುವಾಗ ಬಂತು, ಮಕ್ಕಳಿಗೆ ಹಾಲು ಹಂಚುವಾಗಲೂ ನಾಲಿಗೆಯ ತುದಿಯಲ್ಲಿ ಅದೇ. ವಾಕ್ಯದಲ್ಲಿ ಒಂದೂ ತಪ್ಪಿರಲಿಲ್ಲ. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೈಕಟ್ಟಿ ಕುಳಿತಿದ್ದವು. ಹೋಂವರ್ಕ್ ಮಾಡದ ಹುಡುಗಿಯರು ಹೇಳುವ ನೆಪಗಳು ಹೀಗೇ ಇರುತ್ತವೆ, ಖರೇ ಹೇಳುವವಳು ನಡುವೆ ಎರಡು ಸಲವಾದರೂ ತೊದಲುತ್ತಾಳೆ. ಇಪ್ಪತ್ತೆರಡು ವರ್ಷ ಮಕ್ಕಳ ಮುಖ ನೋಡಿ ಕಲಿತ ಈ ಪಾಠವನ್ನು ತನ್ನ ಕೈಬರಹಕ್ಕೆ ಹಚ್ಚಿ ನೋಡಬೇಕಾಗುತ್ತದೆ ಎಂದು ಆಕೆ ಅಂದುಕೊಂಡಿರಲಿಲ್ಲ. ಹನ್ನೆರಡಕ್ಕೆ ಕಲ್ಲುಕುಟಿಗ ಮೀರಾಸಾಬ ಉಳಿ ಹಿಡಿಯುತ್ತಾನೆ. ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ ಬರೆದಿಟ್ಟಿದ್ದಾನೆ, ಬರೆದುಕೊಟ್ಟ ಶಾಲೆಯ ಅಕ್ಕೋರು ಬಂದು ಒಮ್ಮೆ ಓದಿ ಹೂಂ ಅನ್ನಬೇಕು, ಅಷ್ಟೇ. ಬಣ್ಣದ ಅಕ್ಷರವನ್ನು ಒದ್ದೆ ಅರಿವೆಯಿಂದ ಒರೆಸಬಹುದು. ಉಳಿ ಬಿದ್ದ ಮೇಲೆ ಅದು ಯಾರಪ್ಪನಿಂದಲೂ ಆಗುವ ಮಾತಲ್ಲ.

ಬರೆದದ್ದು ಎಂಟು ದಿನದ ಹಿಂದೆ, ಒಲೆಯ ಮುಂದೆ. ಹಂಚಿನ ಮೇಲೆ ರೊಟ್ಟಿ ಇತ್ತು. ಮೈದುನ ಪ್ರವೀಣಕುಮಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಮತಗಿ ಪಟ್ಟಣ ಪಂಚಾಯಿತಿಯ ಸದಸ್ಯನಾದ ಮೇಲೆ ಬಂದ ಹೊಸ ನಯದಲ್ಲಿ, “ವೈನಿ, ಪ್ಯಾಟಿ ಕಟ್ಟಿ ರಿಪೇರಿ ಮುಗೀಲಿಕ್ಕೆ ಬಂತು. ಒಂದು ಕಲ್ಲು ಕೂಡಸೂಣು ಅಂತ ಮಾಡೇವಿ. ನಾಕು ಸಾಲು ಛಂದಂಗ ಬರದು ಕೊಡ್ರಿ, ನಿಮ್ಮಂಗ ಕನ್ನಡ ಬರಿಯವರು ಊರಾಗ ಯಾರದಾರ?” ಎಂದಿದ್ದ. ಹಿಟ್ಟಿನ ಕೈ ಒರೆಸಿಕೊಂಡು, ಕ್ಯಾಲೆಂಡರಿನ ಹಳೆಯ ಹಾಳೆ ಹರಿದು, ಅದರ ಬೆನ್ನಿಗೆ ಬರೆದುಕೊಟ್ಟಿದ್ದಳು. ರೊಟ್ಟಿ ಸೀಯುವುದರೊಳಗೆ ಮುಗಿದಿತ್ತು. ಅವನು ಗಟ್ಟಿಯಾಗಿ ಓದಿ, “ಏನ್ ಬರದೀರಿ ವೈನಿ!” ಎಂದ. ಆಗ ಆಕೆಗೆ ಖುಷಿಯಾಯಿತು. ನೆನೆದರೆ ಈಗ ಕಿವಿ ಬಿಸಿಯಾಗುವುದು ಆ ಖುಷಿಗೆ. ಗಂಡ ಆನಂದ ತೀರಿಕೊಂಡು ಆರು ವರ್ಷ. ಅಂದಿನಿಂದ ಆ ಮನೆಯಲ್ಲಿ ಆಕೆಯನ್ನು ಚಹಾ ಕೇಳಿದ್ದಾರೆ, ಸಹಿ ಕೇಳಿದ್ದಾರೆ, ಮದುವೆಗಳಲ್ಲಿ ಸ್ವಲ್ಪ ಹಿಂದೆ ನಿಲ್ಲುವಂತೆ ಕಣ್ಣಿನಲ್ಲೇ ಕೇಳಿದ್ದಾರೆ. ನಿನಗೆ ಗೊತ್ತಿರುವುದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಮೊದಲ ಸಲ ಕೇಳಿದಾಗ ಆಕೆ ತನಗೆ ಗೊತ್ತಿದ್ದದ್ದನ್ನು ಬಿಟ್ಟು ಅವರಿಗೆ ಬೇಕಾದದ್ದನ್ನು ಬರೆದುಕೊಟ್ಟಳು. ಯಾರೂ ಹೆದರಿಸಿರಲಿಲ್ಲ. ಹೆದರಿಸಿದ್ದರೆ ಎಷ್ಟೋ ವಾಸಿಯಿತ್ತು.

ಪೇಟೆಯ ನಡುವಿನ ಆ ಕಟ್ಟೆಗೆ ಬೇವಿನ ಮರದ ನೆರಳು. ಮೂರು ಮೊಳ ಎತ್ತರ, ಉದ್ದಕ್ಕೆ ಹಾಸಿದ ಕರಿಯ ಕಲ್ಲು, ಕುಳಿತೂ ಕುಳಿತೂ ಕನ್ನಡಿಯಂತೆ ನುಣುಪಾಗಿದೆ. ಮೇಲೆ ಕೂರುವವರೆಲ್ಲ ಗಂಡಸರು. ಹೆಂಗಸರು ಅದರ ಮುಂದೆ ಹಾಯುವಾಗ ಚಪ್ಪಲಿ ಕೈಗೆ ತೆಗೆದುಕೊಂಡು ಸೆರಗು ಎಳೆದುಕೊಳ್ಳಬೇಕು. ಈಗಿನ ಹುಡುಗಿಯರು ಚಪ್ಪಲಿ ತೆಗೆಯುವುದಿಲ್ಲ, ಆದರೆ ಅವರ ನಡಿಗೆ ಅಲ್ಲಿ ತಾನಾಗಿ ಚುರುಕಾಗುತ್ತದೆ. ಶಿವಗಂಗಾ ಇಂದಿಗೂ ತೆಗೆಯುತ್ತಾಳೆ. ಕೈ ತನ್ನಷ್ಟಕ್ಕೆ ಕೆಳಗೆ ಹೋಗುತ್ತದೆ, ಆಮೇಲೆ ಬುದ್ಧಿ ನಾಚುತ್ತದೆ. ಇನ್ನೊಂದು ಪದ್ಧತಿಯೂ ಇದೆ. ಊರಿಗೆ ಸೊಸೆಯಾಗಿ ಬಂದವಳು ಮೊದಲ ದಿನ ಆ ಕಟ್ಟೆಗೆ ಹಣೆ ಹಚ್ಚಿ ಒಂದು ಎಳೆ ಹಸಿ ನೂಲನ್ನು ಕಲ್ಲಿನ ಮೇಲೆ ಬಿಟ್ಟು ಮನೆ ಹೊಗಬೇಕು. ಊರಲ್ಲೇ ಹುಟ್ಟಿ ಊರಲ್ಲೇ ಮದುವೆಯಾದ ಶಿವಗಂಗಾಳೂ ಬಿಟ್ಟಿದ್ದಳು. ಅದೇಕೆ ಎಂದು ಕೇಳಿದರೆ ಹಿರಿಯರ ಶಿವದಾರಕ್ಕೆ ಎನ್ನುತ್ತಾರೆ, ಲಿಂಗ ಕಟ್ಟಿಕೊಳ್ಳುವ ದಾರಕ್ಕೆ ಸೊಸೆಯಂದಿರ ಕಾಣಿಕೆ. ಕೇಳಲು ಚೆನ್ನಾಗಿದೆ. ಆದರೆ ಮಸೀದಿ ಓಣಿಯ ಸೊಸೆಯರೂ ಬಿಡುತ್ತಾರಲ್ಲ, ಅವರ ನೂಲು ಯಾವ ಶಿವದಾರಕ್ಕೆ? ಇದನ್ನು ಯಾರೂ ಕೇಳಿಲ್ಲ. ಶಿವಗಂಗಾ ಕೇಳಿದ್ದಳು, ಎಂಟು ವರ್ಷದವಳಿದ್ದಾಗ, ತಾಯಿಯ ತಾಯಿ ಗುರುಸಿದ್ದವ್ವನನ್ನು. ಉತ್ತರವೂ ಸಿಕ್ಕಿತ್ತು.

ಶ್ರಾವಣದ ಒಂದು ಬೆಳಗು. ಜಿಟಿಜಿಟಿ ಮಳೆಗೆ ಪೇಟೆ ಇನ್ನೂ ಎದ್ದಿರಲಿಲ್ಲ. ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದವಳು ಅತ್ತಿತ್ತ ನೋಡಿ, ಅಂಗಡಿಯ ಬೆಲ್ಲ ಕದಿಯುವವಳ ಹಾಗೆ, ಹುಡುಗಿಯನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿದಳು. ಲಂಗದ ಹಿಂಭಾಗ ತಣ್ಣಗೆ ಒದ್ದೆಯಾಯಿತು. “ಈಗ ಬಲಗೈ ಬಾಜೂಕ ಇಳಿಬಿಡು. ಏನರ ಸಿಕ್ತೇನು?” ಏನೂ ಸಿಗಲಿಲ್ಲ. ಬೆರಳು ಚಾಚಿದಳು, ಸಿಗಲಿಲ್ಲ. ಗೇಣಿನಾಚೆ ಕಲ್ಲಿನಲ್ಲಿ ಒಂದು ಸಣ್ಣ ಕುಳಿ ಇತ್ತು, ಅದರಲ್ಲಿ ಮಳೆನೀರು ನಿಂತಿತ್ತು. ಎರಡು ಮೊಳದಾಚೆ ಇನ್ನೊಂದು, ಅದರಾಚೆ ಮತ್ತೊಂದು, ಸಾಲಾಗಿ. “ನೀ ಇನ್ನೂ ಸಣ್ಣಾಕಿ. ದೊಡ್ಡಾಕಿ ಆಗು, ತಾನ ಸಿಗ್ತೈತಿ” ಎಂದು ಅಜ್ಜಿ ಇಳಿಸಿಕೊಂಡಳು. ದಾರಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು. “ಇದು ಹೆಣ್ಣಮಕ್ಕಳ ಕಟ್ಟಿ ಐತಿ. ನಮ್ಮಜ್ಜಿ ನಿನ್ನಷ್ಟಿದ್ದಾಗ ತನ್ನವ್ವನ ಬಾಜೂಕ ಇಲ್ಲೇ ಕೂತಿದ್ಲಂತ. ಊರಾನ ಹೆಣ್ಣಮಕ್ಕಳೆಲ್ಲಾ ಮನ್ಯಾಗ ನೂತು, ಸಂತಿ ದಿನ ಇಲ್ಲಿ ಬಂದು ಮ್ಯಾಲ ಕುಂದರ್ತಿದ್ರು, ಕೂತಲ್ಲೂ ನೂಲಿನ ತಕಲಿ ತಿರುವತಿದ್ರು. ನೇಕಾರ ಗಂಡಸರು ಕೆಳಗ ನಿಂತು, ನಮಗ ಕೊಡವ್ವಾ, ನಮಗ ಕೊಡವ್ವಾ ಅಂತಿದ್ರು. ಮನಸ್ಸಿಗೆ ಬಂದರ ಕೊಡೂದು, ಇಲ್ಲಂದ್ರ ಎಳಿ ಜೋಲಬಿದ್ದಂಗ ಮಾತಾಡಬ್ಯಾಡೋ ಅಂತ ಬೈದು ಕಳಸೂದು. ಗಂಡ ಸತ್ತಾಕಿನೂ ಇಲ್ಲೇ ಕುಂದರ್ತಿದ್ಲು. ಆಕಿಗೆ ಮೈದನನ ಮನಿ ತಂಗಳಾ ಬೇಕಾಗಿದ್ದಿಲ್ಲ, ರಾಟಿ ಇತ್ತು.”

ಆಮೇಲೆ ಇಂಗ್ಲಿಷರ ಗಿರಣಿ ನೂಲು ಬಂತು. ಗಾಡಿಯ ಮೇಲೆ ಪೆಂಡಿ ಪೆಂಡಿ, ಪ್ರತಿ ಪೆಂಡಿಗೂ ಬಣ್ಣದ ಕಾಗದದ ಚೀಟಿ, ಚೀಟಿಯ ಮೇಲೆ ಒಂದು ಆನೆ. ಅಜ್ಜಿಯ ಅಜ್ಜಿಗೆ ಸಾಯುವವರೆಗೂ ನೆನಪಿದ್ದದ್ದು ಆ ಆನೆ. ಎಷ್ಟು ಚೆಂದ ಇತ್ತೆಂದರೆ ಹುಡುಗಿಯರು ಆ ಚೀಟಿಗಾಗಿ ಜಗಳಾಡುತ್ತಿದ್ದರಂತೆ. ಒಂದು ಸಂತೆಯ ದಿನ ಆಕೆಯ ತಾಯಿ ನೂಲಿನ ಬುಟ್ಟಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು, ಹೊತ್ತು ಇಳಿಯುವವರೆಗೆ ಕೆಳಗೆ ಯಾರೂ ಬಂದು ನಿಲ್ಲಲಿಲ್ಲ. ಮುಂದಿನ ಸಂತೆಗೂ ಹಾಗೇ. ಮೂರನೆಯ ಸಲ ಅಲ್ಲಿ ಗಿರಣಿ ನೂಲಿನ ವ್ಯಾಪಾರಿ ಕುಳಿತಿದ್ದ, ಅವನ ಸುತ್ತ ನೇಕಾರರು. ಹೆಂಗಸರು ಬುಟ್ಟಿ ಹೊತ್ತು ಕೆಳಗೆ ನಿಂತರು. ಯಾರೂ ಯಾರನ್ನೂ ದೂಡಲಿಲ್ಲ, ಬಯ್ಯಲಿಲ್ಲ. ಆ ತಾಯಿ ಮನೆಗೆ ಬಂದು ರಾಟಿಯನ್ನು ಅಟ್ಟಕ್ಕೆ ಹಾಕಿದಳು. ಮಾರನೆಯ ದಿನದಿಂದ ಗಂಡನ ಮಗ್ಗದ ಕೆಳಗೆ ಕುಳಿತು, ಲಾಳಿಗೆ ತುಂಬುವ ನೂಲಿನ ಕಂಡಿಕೆ ಸುತ್ತಿದಳು. ನೇಯುವವನು ನೇಕಾರ, ಸುತ್ತಿಕೊಡುವವಳು ನೇಕಾರನ ಹೆಂಡತಿ. ಹಿಂದೆಯೇ ತಲೆ ಎಣಿಸುವ ಸರಕಾರದ ಕಾರಕೂನ ಬಂದ. ಮನೆಯಾಕೆ ಏನು ಕೆಲಸ ಮಾಡುತ್ತಾಳೆ ಎಂದು ಗಂಡನನ್ನು ಕೇಳಿದ, ಏನೂ ಇಲ್ಲ ಎಂದು ಗಂಡ ಹೇಳಿದ, ಅದನ್ನೇ ಬರೆದುಕೊಂಡು ಹೋದ. ಅಜ್ಜಿ ಇದನ್ನು ಹೇಳುವಾಗ ಅತ್ತಿರಲಿಲ್ಲ. “ಗಂಡ ಸುಳ್ಳ ಹೇಳಲಿಲ್ಲಾ ಮತ್ತ, ಅಷ್ಟರಾಗ ಏನೂ ಉಳದಿದ್ದಿಲ್ಲ” ಎಂದು ನಕ್ಕಿದ್ದಳು. ನಲವತ್ತು ವರ್ಷವಾದ ಮೇಲೆ ಆ ನಗು ಈಗ ಮೊಮ್ಮಗಳ ಎದೆಯಲ್ಲಿ ಕುಟುಕುತ್ತಿತ್ತು.

ನೇಕಾರ ಓಣಿಯಲ್ಲಿ ಪವರ್‌ಲೂಮುಗಳು ಒಂದೇ ಸಮನೆ ಕುಟ್ಟುತ್ತಿದ್ದವು. ಮಾಸುಮಬಿಯ ಮನೆ ಬಂತು. ಬೈಗುಳವನ್ನಾದರೂ ತಿಂದು ಹೋಗೋಣವೆಂದು ಶಿವಗಂಗಾ ಒಳಗೆ ಹೆಜ್ಜೆ ಇಟ್ಟಳು. ಅಜ್ಜಿಯ ಕೈಕೆಳಗೆ ಕಂಡಿಕೆ ಸುತ್ತುವುದನ್ನು ಕಲಿತವಳು ಮಾಸುಮಬಿ, ಈಗ ಎಪ್ಪತ್ತೈದು. ನೆಲದ ಮೇಲೆ ಕಾಲು ಚಾಚಿ ಮೊಮ್ಮಗಳ ಲಂಗಕ್ಕೆ ಲಾಡಿ ಏರಿಸುತ್ತಿದ್ದಳು. ಲಾಡಿಯ ತುದಿ ಕಟ್ಟಿದ್ದು ಬಿಲ್ಲೆ ಕಳಚಿಹೋದ ಒಂದು ಕಬ್ಬಿಣದ ತಕಲಿಗೆ. ಮೊನೆಯನ್ನು ಕೆಳಗೆ ಊರಿ, ಕೈಯಲ್ಲಿ ತಿರುಗಿಸಿ ನೂಲು ತೆಗೆಯುವ ಆ ಹಳೆಯ ಕಡ್ಡಿಗೆ ಈ ಮನೆಯಲ್ಲಿ ಉಳಿದ ಕೆಲಸ ಇದೊಂದೇ. “ಬಾರವಾ ತಂಗಿ. ಕಟ್ಟಿ ಕಲ್ಲಿಗೆ ನೀನ ಬರದಿ ಅಂತಲ್ಲ? ಓದು, ಕೇಳೂಣು.” ಶಿವಗಂಗಾ ಕನ್ನಡಕ ಹಾಕಿಕೊಂಡು ಚೀಲದಿಂದ ಹಾಳೆ ತೆಗೆದು ಓದಿದಳು. ತನ್ನ ದನಿ ಬಹುಮಾನ ವಿತರಣೆಯ ದಿನದ ದನಿಯಾಗಿದ್ದು ಆಕೆಗೇ ಕೇಳಿಸಿತು. ಮುದುಕಿ ಲಾಡಿಯನ್ನು ಎರಡು ಬೆರಳು ಮುಂದೆ ಸರಿಸಿದಳು. “ಛಂದ ಐತಿ” ಎಂದಳು. ಆಮೇಲೆ, “ನಿಮ್ಮಜ್ಜಿ ಬ್ಯಾರೆ ಏನೋ ಹೇಳ್ತಿದ್ಲು” ಎಂದಳು. ಆಮೇಲೆ, “ಇರಲಿ ಬಿಡು, ಸತ್ತವರು ಏನ್ ಕೇಳಾಕ ಬರ್ತಾರು?” ಎಂದಳು.

ಬೈದಿದ್ದರೆ ಎದುರು ಮಾತಾಡಬಹುದಿತ್ತು. “ಮಾಸುಮವ್ವಾ, ಅವರಿಗೆ ಹಾಂಗ ಬೇಕಾಗಿತ್ತು” ಎಂದು ಏನೇನೋ ಶುರು ಮಾಡಿದಳು. ಮುದುಕಿ ಅವಳ ಮುಖವನ್ನು ನೋಡದೆ ಬೇರೆ ಮಾತಿಗೆ ಹೋದಳು. ಹೋದ ತಿಂಗಳು ನೇಕಾರರ ಕಾರ್ಡು ಬರೆಯಲು ಒಬ್ಬ ಹುಡುಗ ಬಂದಿದ್ದನಂತೆ. “ನನ್ನ ಮಗಾ ಅರ್ಷದ ಪವರ್‌ಲೂಮಿಗೆ ಕೂಲಿ ಹೋಗಾವ, ಅವಂದು ನೇಕಾರ ಅಂತ ಬರಕೊಂಡ. ನನ್ನ ಕೈ ನೋಡ್ಯಾನ, ಅರವತ್ತ ವರ್ಷ ಎಳಿ ಹಾದು ಹಾದು ಈ ಬೆರಳಿಗೆ ಗೆರಿ ಬಿದ್ದೈತಿ. ನಿಮ್ಮದೇನು ಬರೀಲಿ ಅಜ್ಜಿ ಅಂದ. ನಾ ಬಾಯಿ ತಗಿಯೂದ್ರಾಗ ಅರ್ಷದ ಹೇಳಿಬಿಟ್ಟ, ಆಕಿ ಮನ್ಯಾಗ ಇರ್ತಾಳ್ರಿ ಅಂತ. ಕೆಟ್ಟ ಮಗ ಅಲ್ಲವ. ಹೊತ್ತಿಗೆ ಸರಿಯಾಗಿ ಗುಳಿಗಿ ತಂದು ಕೊಡ್ತಾನ.” ಆಕೆ ಆ ಬೆರಳನ್ನು ಎತ್ತಿ ತೋರಿಸಿದಳು. ತೋರುಬೆರಳಿನ ಬದಿಗೆ ಒಂದು ಸಣ್ಣ ಕಾಲುವೆ, ಕಲ್ಲಿನಷ್ಟೇ ಗಟ್ಟಿ. ಶಿವಗಂಗಾಳಿಗೆ ಅಲ್ಲಿ ಕೂರಲಾಗಲಿಲ್ಲ. ಹೊತ್ತಾಯಿತೆಂದು ಎದ್ದಳು. ಕನ್ನಡಕ ತೆಗೆದು ಕಿಟಕಿಯ ಮೇಲಿಟ್ಟದ್ದು ಹೊರಬಿದ್ದ ಮೇಲೂ ನೆನಪಾಗಲಿಲ್ಲ.

ತಾನು ಕಾರಣವಿಲ್ಲದೆ ನೊಂದುಕೊಳ್ಳುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಪಾಠ ಹೇಳಿಕೊಂಡಳು. ಆಧಾರ ಏನಿದೆ? ಬರೆದುಕೊಟ್ಟ ಎರಡನೆಯ ದಿನವೇ ಮನಸ್ಸು ತಡೆಯದೆ ಬಾಗಲಕೋಟೆಗೆ ಬಸ್ಸು ಹತ್ತಿ, ಗ್ರಂಥಾಲಯದಲ್ಲಿ ಸಾಹೇಬರ ಕಾಲದ ಒಂದು ದಪ್ಪ ಪುಸ್ತಕ ತೆಗೆಸಿದ್ದಳು. ಊರಿನ ಹೆಸರಿತ್ತು, ಮಗ್ಗಗಳ ಲೆಕ್ಕವಿತ್ತು, ನೇಕಾರರ ಜಾತಿಗಳಿದ್ದವು, ಬಾವಿಯ ನೀರು ಸವುಳು ಎಂಬುದೂ ಇತ್ತು. ನೂಲು ಎಲ್ಲಿಂದ ಬರುತ್ತಿತ್ತು ಎಂಬ ಮಾತೇ ಇರಲಿಲ್ಲ. ಪುಸ್ತಕ ಮುಚ್ಚಿದಾಗ ಆಕೆಗೆ ಒಳಗೊಳಗೆ ನಿರಾಳವಾಗಿತ್ತು, ಸದ್ಯ, ಇಲ್ಲವಲ್ಲ, ಇನ್ನು ನನ್ನದೇನು ತಪ್ಪು ಎಂದು. ಪುಸ್ತಕ ಬರೆದವನಿಗೂ ಗಂಡಸರೇ ಹೇಳಿರಬೇಕು, ಹೇಳುವಾಗ ಹೆಂಡತಿ ಮಗ್ಗದ ಕೆಳಗೆ ಕುಳಿತು ಕೇಳಿಸಿಕೊಂಡಿರಬೇಕು. ಆ ಸಾಹೇಬ ಸತ್ತು ಮಣ್ಣಾದ. ಅವನು ಬಿಟ್ಟುಹೋದ ಖಾಲಿ ಜಾಗವನ್ನು ತುಂಬಲು ಊರು ತನ್ನನ್ನು ಕರೆದಿತ್ತು. ತಾನೂ ಅದನ್ನು ಖಾಲಿಯೇ ಬಿಟ್ಟು ಮೇಲೊಂದು ಹೂವಿನ ಹಾರ ಹಾಕಿ ಬಂದಿದ್ದಳು. ಸಂಬಳದ ಎಟಿಎಂ ಕಾರ್ಡು ಪ್ರವೀಣನ ಅಂಗಿಯ ಕಿಸೆಯಲ್ಲಿದೆ, ಬ್ಯಾಂಕಿನವರೆಗೆ ನೀವ್ಯಾಕೆ ತ್ರಾಸು ತೊಗೊಳ್ತೀರಿ ಎಂದು ಆನಂದ ಸತ್ತ ತಿಂಗಳಲ್ಲಿ ಇಸಿದುಕೊಂಡದ್ದು ಹಾಗೇ ಉಳಿಯಿತು. ಅದನ್ನೂ ಯಾರೂ ಕಸಿಯಲಿಲ್ಲ. ಗಂಡ ಸತ್ತಾಕಿನೂ ಇಲ್ಲೇ ಕುಂದರ್ತಿದ್ಲು ಎಂದ ಅಜ್ಜಿಯ ಮಾತು ಕಾಲಿಗೆ ತೊಡರಿತು, ನಡಿಗೆ ನಿಧಾನವಾಯಿತು.

ಕಟ್ಟೆಯ ಮುಂದೆ ಮೀರಾಸಾಬ ಉಳಿ, ಸುತ್ತಿಗೆ, ನೀರಿನ ಬಕೀಟು ಇಟ್ಟುಕೊಂಡು ಗೋಣಿಚೀಲದ ಮೇಲೆ ಕುಳಿತಿದ್ದ. ಮೇಲೆ ಮೂರ್ನಾಲ್ಕು ಮಂದಿ. ನಡುವೆ ತನ್ನ ನಿತ್ಯದ ಜಾಗದಲ್ಲಿ ಎಂಬತ್ತರ ಹನಮಂತಪ್ಪ, ಎಡಗೈ ಪಕ್ಕದ ಕುಳಿಯಲ್ಲಿ ತಂಬಾಕು ಹಾಕಿ ಸುಣ್ಣದೊಂದಿಗೆ ಹೆಬ್ಬೆರಳಿಂದ ತಿಕ್ಕುತ್ತಿದ್ದ. ಆ ಕುಳಿ ಇರುವುದೇ ಅದಕ್ಕೆ ಎಂಬಂತೆ ನಲವತ್ತು ವರ್ಷದಿಂದ ಅವನ ಹೆಬ್ಬೆರಳು ಅಲ್ಲೇ ತಿರುಗಿದೆ. ಪ್ರವೀಣಕುಮಾರ ಎದುರು ಬಂದ. “ಬರ್ರಿ ವೈನಿ, ನಿಮ್ಮ ಹಾದೀನ ಕಾಯಾಕತ್ತಿದ್ವಿ.” ಆಕೆಯ ಕೈ ಆಗಲೇ ಕೆಳಗೆ ಹೋಗಿ ಚಪ್ಪಲಿ ತೆಗೆದಿತ್ತು. ಕನ್ನಡಕ ಹುಡುಕಿದಳು, ಇರಲಿಲ್ಲ. ಕಲ್ಲಿನ ಮೇಲಿನ ಬಿಳಿ ಅಕ್ಷರಗಳು ಕಲೆಸಿಕೊಂಡು ಕಂಡವು, ಆದರೆ ಓದುವ ಅಗತ್ಯವೇನಿತ್ತು, ಬಾಯಿಪಾಠವಾಗಿತ್ತಲ್ಲ.

“ಹೊಡೀಲೇನ್ರಿ ಅಕ್ಕೋರ?” ಎಂದು ಮೀರಾಸಾಬ ಉಳಿಯ ತುದಿಯನ್ನು ಮೊದಲ ಅಕ್ಷರದ ಮೇಲಿಟ್ಟ.

“ತಡೀರಿ.”

ಅಂದದ್ದು ತಾನೇ ಎಂದು ತಿಳಿಯಲು ಆಕೆಗೆ ಒಂದು ಗಳಿಗೆ ಬೇಕಾಯಿತು. ಎಲ್ಲರೂ ನೋಡಿದರು. “ಇದು ಖರೆ ಅಲ್ಲ” ಎಂದಳು, ತೊದಲಿದಳು, ಮತ್ತೆ ಹೇಳಿದಳು, “ನಾ ಬರದದ್ದು ಖರೆ ಅಲ್ಲ. ಇದು ನೂಲು ಮಾರೂ ಹೆಣ್ಣಮಕ್ಕಳ ಕಟ್ಟಿ. ನಮ್ಮಜ್ಜಿ ಹೇಳ್ಯಾಳ.” ಯಾರೋ ಸಣ್ಣಗೆ ನಕ್ಕರು. ಪ್ರವೀಣ ನಗಲಿಲ್ಲ, ಹತ್ತಿರ ಬಂದು ಮೆಲ್ಲಗೆ, ಆಕೆಯ ಮರ್ಯಾದೆ ಕಾಯುವವನ ಹಾಗೆ, “ವೈನಿ, ನಾಳೆ ಉದ್ಘಾಟನಾ ಐತಿ. ಅಜ್ಜಿ ಮಾತು ಕಲ್ಲಿನ ಮ್ಯಾಲ ಬರಿಯಾಕ ಆಗತೈತೇನು? ಏನರ ಆಧಾರ ಐತೇನು, ಕಾಗದ, ಪುಸ್ತಕ?” ಎಂದ. ಇಲ್ಲ ಎಂದಳು. “ಮತ್ತ?” ಎಂದ. ಅವನ ದನಿಯಲ್ಲಿ ಕೆಡುಕಿರಲಿಲ್ಲ, ಆನಂದನ ದನಿಯ ಹೋಲಿಕೆಯೂ ಇತ್ತು. ಹೂಂ ಎಂದು ಮನೆಗೆ ಹೋದರೆ ಊಟ, ಒಂದು ಸಣ್ಣ ನಿದ್ದೆ, ನಾಳೆ ವೇದಿಕೆಯ ಮೇಲೊಂದು ಶಾಲು. ಆಕೆಗೆ ಅಳು ಬಂತು. ಇಷ್ಟು ಗಂಡಸರ ಮುಂದೆ ಅಳಬಾರದೆಂದು ಎಲ್ಲಾದರೂ ಕೂರಬೇಕೆನಿಸಿತು. ಕೂರಲು ಅಲ್ಲಿ ಇದ್ದದ್ದು ಅದೊಂದೇ.

ಚಪ್ಪಲಿಯನ್ನು ಕೆಳಗೆ ಬಿಟ್ಟು, ಮೆಟ್ಟಿಲುಗಲ್ಲು ಹತ್ತಿ, ಹನಮಂತಪ್ಪನ ಎಡಕ್ಕೆ ಒಂದು ಮಾರು ದೂರದಲ್ಲಿ ಕಟ್ಟೆಯ ಮೇಲೆ ಕುಳಿತಳು. ಅಂಗಡಿಯವನು ತಕ್ಕಡಿ ಹಿಡಿದೇ ಬಾಗಿ ನೋಡಿದ. “ವೈನಿ!” ಎಂದ ಪ್ರವೀಣ, ಅವನ ಮುಖ ಕೆಂಪಾಗಿತ್ತು, “ಏನ್ ಮಾಡಾಕತ್ತೀರಿ, ಇಳೀರಿ.” ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. ಇಲ್ಲಿಂದ ಪೇಟೆ ಬೇರೆಯಾಗಿ ಕಾಣುತ್ತಿತ್ತು. ಎಲ್ಲರ ತಲೆಗಳು, ತಲೆಗಳ ಮೇಲಿನ ಬುಟ್ಟಿಗಳು, ಬುಟ್ಟಿಯೊಳಗಿನ ಬದನೆಕಾಯಿ. ಆಕೆಯ ಬಲಗೈ ದಣಿದು ಪಕ್ಕಕ್ಕೆ ಇಳಿಬಿದ್ದಿತು. ಬೆರಳು ಹುಡುಕಲಿಲ್ಲ, ಚಾಚಲಿಲ್ಲ. ಅದು ಅಲ್ಲೇ ಇತ್ತು. ಕುಳಿಯ ಅಂಚು ನುಣ್ಣಗೆ, ತಳ ಸಣ್ಣದಾಗುತ್ತ ಹೋಗಿ ಒಂದು ಕಡ್ಡಿಯ ಮೊನೆ ನಿಲ್ಲುವಷ್ಟು ಆಗಿತ್ತು. ನಲವತ್ತು ವರ್ಷದ ಹಿಂದೆ ಗೇಣು ದೂರ ಉಳಿದದ್ದು ಈಗ ಬೆರಳ ತುದಿಗೆ ಬಂದು ಕುಳಿತಿತ್ತು. ಅಜ್ಜೀ, ನಾ ದೊಡ್ಡಾಕಿ ಆದೆ, ಎಂದುಕೊಂಡಳು. ತಡೆದಿದ್ದ ಅಳು ಆಗ ಬಂತು, ಎಲ್ಲರೆದುರಿಗೇ ಬಂತು, ಆಕೆ ಒರೆಸಿಕೊಳ್ಳಲಿಲ್ಲ.

“ಏ ತಂಗಿ, ಚಾಳೀಸ ಬಿಟ್ಟು ಬಂದಿದ್ದಿ” ಎನ್ನುತ್ತ ಮಾಸುಮಬಿ ಗುಂಪಿನ ನಡುವೆ ದಾರಿ ಮಾಡಿಕೊಂಡು ಬಂದಳು. ಒಂದು ಕೈಯಲ್ಲಿ ಕನ್ನಡಕ, ಇನ್ನೊಂದರಲ್ಲಿ ಲಾಡಿ ಬಿಚ್ಚಿದ ತಕಲಿ ಹಾಗೇ ಉಳಿದಿತ್ತು. ಮೇಲೆ ಕುಳಿತವಳನ್ನು ನೋಡಿದಳು. ಕಲ್ಲನ್ನು ನೋಡಿದಳು. ಯಾರನ್ನೂ ಏನೂ ಕೇಳದೆ ಮೆಟ್ಟಿಲಿಗೆ ಕಾಲಿಟ್ಟಳು, ಮೊಣಕಾಲು ಏಳಲಿಲ್ಲ. ಉಳಿ ಕೆಳಗಿಟ್ಟು ಎದ್ದು ರಟ್ಟೆ ಹಿಡಿದು ಏರಿಸಿದವನು ಮೀರಾಸಾಬ. ಶಿವಗಂಗಾ ಮತ್ತು ಹನಮಂತಪ್ಪನ ನಡುವೆ ಸರಿಯಾಗಿ ಒಬ್ಬ ಹೆಂಗಸು ಕೂರುವಷ್ಟು ಜಾಗವಿತ್ತು. ಮುದುಕಿ ಕುಳಿತಳು, ಒಂದು ಕಾಲು ಮಡಚಿದಳು, ಸೆರಗು ಸರಿಮಾಡಿಕೊಂಡಳು. ತಕಲಿ ಹಿಡಿದ ಬಲಗೈ ತಾನಾಗಿ ಪಕ್ಕಕ್ಕೆ ಹೋಯಿತು. ಹೋಗಿ, ಹನಮಂತಪ್ಪನ ತಂಬಾಕಿನ ಮೇಲೆ ನಿಂತಿತು.

ಹನಮಂತಪ್ಪ ಆ ಕಬ್ಬಿಣದ ಕಡ್ಡಿಯ ಮೊನೆಯನ್ನು ನೋಡಿದ, ತನ್ನ ಹೆಬ್ಬೆರಳಿನ ಕೆಳಗಿನ ಕುಳಿಯನ್ನು ನೋಡಿದ. ಆಮೇಲೆ ಶಿವಗಂಗಾಳ ಕೈ ಇದ್ದ ಕುಳಿಯನ್ನು, ಅದರಾಚೆಯ ಇನ್ನೊಂದನ್ನು, ಕಟ್ಟೆಯ ತುದಿಯವರೆಗೆ ಹೆಂಗಸಿಗೊಂದು ಹೆಂಗಸಿಗೊಂದರಂತೆ ಹೋಗಿದ್ದ ಸಾಲನ್ನು, ಒಂದೊಂದಾಗಿ ನೋಡುತ್ತ ಹೋದ. “ಇವ್ನೌನ” ಎಂದ ತನ್ನಷ್ಟಕ್ಕೇ. “ಇಷ್ಟ ವರ್ಷ ಇಲ್ಲೇ ಕುಂತೇನಿ. ಈ ಕುಣಿ ಯಾರು ಮಾಡ್ಯಾರು ಅಂತ ಒಂದಿನಾ ಕೇಳಲಿಲ್ಲ ನೋಡು.”

ಪ್ರವೀಣ ತಾನೂ ಹತ್ತಿರ ಬಂದು ಕುಳಿಗಳ ಸಾಲನ್ನು ನೋಡಿದ. ಮೀರಾಸಾಬ ಬಕೀಟಿನಲ್ಲಿ ಅರಿವೆ ಅದ್ದಿ, ಹಿಂಡದೆ, ಕೆಂಪು ಕಲ್ಲಿನ ಹತ್ತಿರ ತಂದು, “ಏನಂತ ಬರೀಲ್ರಿ ಅಕ್ಕೋರ?” ಎಂದು ಕೇಳಿದ. ಶಿವಗಂಗಾ ಪೂಜ್ಯ, ತಲೆತಲಾಂತರ, ದಾನ ಇಂಥ ತನ್ನ ಹಳೆಯ ಮಾತುಗಳಿಗಾಗಿ ಒಳಗೆ ತಡಕಾಡಿದಳು. ಒಂದೂ ಕೈಗೆ ಬರಲಿಲ್ಲ. “ಇಲ್ಲಿ ಹೆಣ್ಣಮಕ್ಕಳು ಕೂತು ನೂಲು ಮಾರತಿದ್ರು ಅಂತ ಬರೀರಿ” ಎಂದಳು. “ಅಷ್ಟ ಸಾಕು.”

ಹನಮಂತಪ್ಪ ಬಾಗಿ, ಕುಳಿಯ ತಂಬಾಕನ್ನು ಉಗುರಿನಿಂದ ಕೆರೆದು ತೆಗೆದ. ಸುಣ್ಣ ಅಂಟಿಕೊಂಡಿತ್ತು. ಹೆಗಲ ಮೇಲಿನ ಟಾವೆಲ್ಲಿನ ತುದಿಗೆ ಮೀರಾಸಾಬನ ಬಕೀಟಿನ ನೀರು ಹಚ್ಚಿಕೊಂಡು, ಬೆರಳು ಒಳಗಿಟ್ಟು ಸುತ್ತ ತಿರುವಿ ತಿರುವಿ ಒರೆಸಿದ, ಕರಿಯ ಕಲ್ಲು ಹೊಳೆಯುವವರೆಗೂ ಬಿಡಲಿಲ್ಲ. ಆಮೇಲೆ ತಾನು ಕುಳಿತ ಜಾಗದಿಂದ ಒಂದು ಮೊಳ ಹಿಂದೆ ಸರಿದು,

“ಈಗ ಇಡವಾ, ಮಾಸುಮವ್ವ” ಎಂದ.